ಬೈಲಿನಲ್ಲಿ ಗೂಟ ಹೊಡೆದಿದ್ದಾರೆ: ಭಾನುವಾರದ ಸಭೆಗೆ ಮೊದಲು ಎಲ್ಲರೂ ಓದಿ

ಟೀಚರ್, ಮೇಲಿನ ಸಾಲು:
ನಮ್ಮ ಬಡಾವಣೆಯ ಈ ಗುಂಪಿನ ಎಲ್ಲರ ಗಮನಕ್ಕೆ. ಕೆಳಗಿನ ಬೈಲಿನಲ್ಲಿ (ತಗ್ಗಿನ ಗದ್ದೆ) ಅಳತೆ ಮಾಡಿ ಕೆಂಪು ಬಣ್ಣ ಬಳಿದ ಗೂಟಗಳನ್ನು ಹೊಡೆದಿದ್ದಾರೆ. ತೋಡಿನ (ಹಳ್ಳ) ದಂಡೆಯಿಂದ ಪದವಿನ (ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡ) ಬುಡದವರೆಗೂ ಇವೆ. ಅಲ್ಲಿದ್ದವರನ್ನು ವಿಚಾರಿಸಿದೆ. ಬೈಲಿನಲ್ಲಿ ವಿಲ್ಲಾಗಳು, ರಸ್ತೆಯ ಬದಿಗೆ ಮಳಿಗೆಗಳು, ಪದವಿನ ಮೇಲೆ ದೊಡ್ಡ ಮದುವೆ ಹಾಲ್ ಬರುತ್ತದಂತೆ. ಪದವನ್ನು ಕಡಿದ ಮಣ್ಣನ್ನೇ ಬೈಲಿಗೆ ತುಂಬಿಸುವುದಂತೆ. ಎರಡನ್ನೂ ಒಂದೇ ಏಟಿಗೆ ಮುಗಿಸುವ ಲೆಕ್ಕಾಚಾರವೇನೋ ಚೆನ್ನಾಗಿದೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ವಾಚನಾಲಯದ ಜಗಲಿಯಲ್ಲಿ ಸೇರೋಣ. ಬರುವಾಗ ಸಿಟ್ಟು ತರಬೇಡಿ, ತೀರ್ವೆ (ಭೂಕಂದಾಯ) ರಶೀದಿಯ ಪ್ರತಿ ತನ್ನಿ. ಯಾರ ಸರ್ವೆ ನಂಬರು ಎಲ್ಲಿ ತಾಗಿಕೊಂಡಿದೆ ಎಂಬುದು ಮೊದಲು ಗೊತ್ತಾಗಬೇಕು.

ಹಾಜಿಯವರು, ಅಂಗಡಿ:
ಅಂಗಡಿಗೆ ಬರುವವರ ಬಾಯಲ್ಲೂ ಇದೇ ಸುದ್ದಿ. ಬೈಲಿನಲ್ಲಿ ಗದ್ದೆ ಇರುವ ಕೆಲವರು ಮುಂಗಡ ತೆಗೆದುಕೊಂಡಾಗಿದೆಯಂತೆ. ಅವರಲ್ಲಿ ಇದೇ ಗುಂಪಿನಲ್ಲಿರುವವರೂ ಇದ್ದಾರೆ. ಹಾಗಾಗಿ ಸ್ವಲ್ಪ ನೋಡಿಕೊಂಡು ಬರೆಯಿರಿ. ನಾಳೆಯೂ ಒಬ್ಬರ ಮುಖ ಒಬ್ಬರು ನೋಡಬೇಕಾದವರು ನಾವು.

ಎರಡನೇ ಸಾಲು, ಈಗ ಶಾರ್ಜಾ:
ಟೀಚರೇ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಾಸರಗೋಡು ಜಿಲ್ಲೆಗೆ ಏನೂ ಬರುವುದಿಲ್ಲ ಎಂದು ಅಳುವವರೂ ನಾವೇ, ಏನಾದರೂ ಬಂದರೆ ಬೇಡ ಎನ್ನುವವರೂ ನಾವೇ. ಆಸ್ಪತ್ರೆಗೆ ಮಂಗಳೂರು ಬೇಕು, ಕಾಲೇಜಿಗೆ ಮಂಗಳೂರು ಬೇಕು. 2020ರ ಕೊರೊನಾ ಕಾಲದಲ್ಲಿ ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ನಮ್ಮ ಗತಿ ಏನಾಯಿತು ಎಂದು ಎಲ್ಲರೂ ನೋಡಿದ್ದಾರೆ. ಹಾಲ್ ಬಂದರೆ ಹತ್ತಾರು ಜನರಿಗೆ ಕೆಲಸ ಸಿಗುತ್ತದೆ. ಆ ಬೈಲಿನಲ್ಲಿ ಈಗ ಬೆಳೆಯುತ್ತಿರುವುದು ಹುಲ್ಲು ಮತ್ತು ಕಾಡುಹಂದಿ ಮಾತ್ರ. ಇನ್ನೊಂದು ಮಾತು, ನಾವು ವಾಸವಾಗಿರುವ ಈ ಬಡಾವಣೆಯೂ ಹಿಂದೆ ಮಜಲು ಗದ್ದೆಯೇ ಅಲ್ಲವೇ? ನಮ್ಮ ಮನೆಯಾದ ಮೇಲೆ ಬಾಗಿಲು ಹಾಕುವುದು ಯಾವ ನ್ಯಾಯ?

ಮಾಷ್ಟ್ರು, ಮೂಲೆಮನೆ:
ತಮ್ಮಾ, ನಿನ್ನ ಕೊನೆಯ ಪ್ರಶ್ನೆ ಸರಿಯಾದದ್ದೇ, ಅದನ್ನು ನುಂಗಿಕೊಂಡು ಮುಂದೆ ಹೋಗುವುದು ಬೇಡ. ಹೌದು, ಇದು ಮಜಲು. ಸೈಟು ಮಾಡುವಾಗ ಆಗಿನ ಮಾಲಕರು 1967ರ ಭೂಬಳಕೆ ಆದೇಶದ ಪ್ರಕಾರ ಅನುಮತಿ ತೆಗೆದುಕೊಂಡರೋ ಇಲ್ಲವೋ, ನಾವು ಯಾರೂ ಕೇಳಲಿಲ್ಲ. ಅದರ ಫಲವನ್ನು ಮೊದಲ ಸಾಲಿನವರು ಪ್ರತಿ ಆಟಿ ತಿಂಗಳ ಮಳೆಯಲ್ಲಿ ಅಂಗಳದಲ್ಲಿ ಕಾಣುತ್ತಿದ್ದಾರೆ. ಮಜಲು ತುಂಬಿದ್ದಕ್ಕೇ ನೀರು ಮನೆಯ ಮೆಟ್ಟಿಲಿಗೆ ಬರುವುದಾದರೆ ಬೈಲು ತುಂಬಿದರೆ ಎಲ್ಲಿಗೆ ಬರಬೇಕು? ಇದು ಬಾಗಿಲು ಹಾಕುವ ಮಾತಲ್ಲ.

ಹೊಸಬರಿಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಮ್ಮ ಕಡೆಯ ಹಿರಿಯರು ಗದ್ದೆಯನ್ನು ನೀರಿನ ಲೆಕ್ಕದಲ್ಲಿ ವಿಂಗಡಿಸಿದ್ದರು. ತಗ್ಗಿನ ಬೈಲಿಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಎತ್ತರದ ಮಜಲಿಗೆ ಎರಡು. ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಒಂದೇ. ಮೂರನೆಯ ಬೆಳೆ ನಿಲ್ಲುತ್ತಿತ್ತು ಎಂದರೆ ಬೇಸಗೆಯಲ್ಲೂ ಆ ನೆಲದಡಿಯಲ್ಲಿ ನೀರು ಇತ್ತು ಎಂದರ್ಥ. ಆ ನೀರು ಬರುವುದು ಪದವಿನಿಂದ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಹನ್ನೆರಡು ನದಿಗಳಿವೆ. ಆದರೂ ಮಾರ್ಚ್ ಬಂತೆಂದರೆ ಟ್ಯಾಂಕರಿಗೆ ಫೋನ್ ಮಾಡುತ್ತೇವೆ. ನದಿಗಳು ಗಿಡ್ಡ, ಇಳಿಜಾರು ಹೆಚ್ಚು, ಮಳೆಯ ನೀರು ಬೇಗನೆ ಸಮುದ್ರ ಸೇರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಮುರಕಲ್ಲಿನ ಪದವು ಮತ್ತು ಕೆಳಗಿನ ಬೈಲು, ಇವೆರಡೇ. ಪದವನ್ನು ಬರಿ ಬಂಡೆ ಎಂದು ಹೇಳುವವರು ಓಣಂ ಹೊತ್ತಿಗೆ ಒಮ್ಮೆ ಮೇಲೆ ಹತ್ತಿ ನೋಡಬೇಕು, ನೀಲಿ ಹೂವಿನಿಂದ ನೆಲವೇ ಕಾಣುವುದಿಲ್ಲ.

ಭಟ್ಟರು, ತೋಡಿನ ಕರೆ:
ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರ್ಪಡೆ. ನಮ್ಮ ಅಡಿಕೆ ತೋಟಕ್ಕೆ ನೀರು ಬರುವುದು ಅಜ್ಜ ತೋಡಿಸಿದ ಸುರಂಗದಿಂದ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಆಳೆತ್ತರದ ಬಿಲ ಕೊರೆದರೆ ನೀರು ತಾನಾಗಿ ಹರಿದು ಬರುತ್ತದೆ, ಕರೆಂಟು ಬೇಡ, ಪಂಪು ಬೇಡ. ಆ ಸುರಂಗದ ತಲೆ ಇರುವುದು ಈಗ ಗೂಟ ಹೊಡೆದ ಪದವಿನ ಅಡಿಯಲ್ಲಿ. ಮೇಲಿನಿಂದ ಜೆಸಿಬಿ ಕಡಿಯಲು ಶುರುಮಾಡಿದರೆ ಒಂದೇ ಬೇಸಗೆಯಲ್ಲಿ ನನಗೆ ಉತ್ತರ ಸಿಗುತ್ತದೆ. ಅದು ನನಗೆ ಬೇಡವಾದ ಉತ್ತರ.

ನಿವೃತ್ತ ಗ್ರಾಮ ಕಚೇರಿ ನೌಕರರು:
ಎಲ್ಲರೂ ಭಾವನೆಯಲ್ಲಿ ಮಾತಾಡುತ್ತಿದ್ದೀರಿ, ಕಡತದಲ್ಲಿ ಮಾತಾಡೋಣ. ಕೇರಳದಲ್ಲಿ 1970ರ ದಶಕದಲ್ಲಿ ಎಂಟೂಮುಕ್ಕಾಲು ಲಕ್ಷ ಹೆಕ್ಟೇರಿನ ಆಸುಪಾಸು ಇದ್ದ ಭತ್ತದ ಕೃಷಿ ಎರಡು ಲಕ್ಷಕ್ಕಿಂತ ಕೆಳಗೆ ಇಳಿದಿದೆ. ಅದಕ್ಕಾಗಿಯೇ 2008ರಲ್ಲಿ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಬಂತು. ಆ ವರ್ಷದ ಆಗಸ್ಟ್ 12ರಂದು ಯಾವ ನೆಲ ಗದ್ದೆಯಾಗಿತ್ತೋ ಅದನ್ನು ಪರಿವರ್ತಿಸುವಂತಿಲ್ಲ. ಶಾರ್ಜಾದ ತಮ್ಮ ಗಮನಿಸಬೇಕು: ಬೇಸಾಯ ಮಾಡದೆ ಹಡಿಲು ಬಿಟ್ಟ, ಆದರೆ ಬೇಸಾಯಕ್ಕೆ ಯೋಗ್ಯವಾದ ನೆಲವೂ ಕಾಯ್ದೆಯ ಪ್ರಕಾರ ಗದ್ದೆಯೇ. ಕಟ್ಟಹುಣಿ (ಬದು), ತೋಡು, ಕೆರೆ ಕೂಡ ಅದರೊಳಗೆ ಸೇರುತ್ತವೆ. ಹುಲ್ಲು ಬೆಳೆದಿದೆ, ಹಂದಿ ಓಡಾಡುತ್ತಿದೆ ಎಂದ ಮಾತ್ರಕ್ಕೆ ಅದು ಪುರಯಿಡ (ಮನೆ ಕಟ್ಟಬಹುದಾದ ಒಣ ಜಾಗ) ಆಗುವುದಿಲ್ಲ.

ಹಾಗಾದರೆ ಗೂಟ ಹೊಡೆಯುವ ಧೈರ್ಯ ಎಲ್ಲಿಂದ ಬಂತು? ಡಾಟಾ ಬ್ಯಾಂಕಿನಿಂದ. ಪ್ರತಿ ಪಂಚಾಯತಿನಲ್ಲೂ ಗದ್ದೆಗಳ ಸರ್ವೆ ನಂಬರುಗಳನ್ನು ಬರೆದ ಪಟ್ಟಿ ಇದೆ. ತಪ್ಪಾಗಿ ಸೇರಿದೆ ಎಂದು ಮಾಲಕ ಫಾರ್ಮ್ 5ರಲ್ಲಿ ಅರ್ಜಿ ಹಾಕಿದರೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕೃಷಿ ಅಧಿಕಾರಿಯ ವರದಿ ತರಿಸಿ ತೀರ್ಮಾನಿಸುತ್ತಾರೆ, ಬೇಕಾದರೆ ಉಪಗ್ರಹ ಚಿತ್ರದ ವರದಿಯನ್ನೂ ನೋಡುತ್ತಾರೆ. ಪಟ್ಟಿಯಿಂದ ಹೊರಗೆ ಬಂದ ನೆಲಕ್ಕೆ 2018ರ ತಿದ್ದುಪಡಿಯ 27ಎ ಕಲಮಿನಲ್ಲಿ ಪರಿವರ್ತನೆಯ ದಾರಿ ತೆರೆಯುತ್ತದೆ, ಐವತ್ತು ಸೆಂಟ್ಸಿನವರೆಗೆ ಫಾರ್ಮ್ 6, ಅದಕ್ಕೆ ಮೇಲ್ಪಟ್ಟು ಫಾರ್ಮ್ 7. ಒಟ್ಟಿನಲ್ಲಿ ಜೆಸಿಬಿಗೆ ಅಡ್ಡ ಮಲಗುವ ಕಾಲ ಇನ್ನೂ ಬಂದಿಲ್ಲ. ಈಗ ಜಗಳ ಇರುವುದು ಒಂದು ಪಟ್ಟಿಯ ಒಂದು ಸಾಲಿನಲ್ಲಿ.

ಹಾಜಿಯವರು, ಅಂಗಡಿ:
ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರಲ್ಲ, ಅಲ್ಲಿ ಎಲ್ಲರೂ ಹೋಗಿ ಮಾತಾಡಿದರೆ ಆಗದೇ?

ನಿವೃತ್ತ ಗ್ರಾಮ ಕಚೇರಿ ನೌಕರರು:
ಅದನ್ನು ನಂಬಿ ಕುಳಿತರೆ ಕೆಟ್ಟೆವು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕಾಗುವುದೇ 20,000 ಚದರ ಮೀಟರಿನಿಂದ ಮೇಲೆ. ಬೇಕಾದರೂ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ. ಗಣಿಗೆ ಕೇಳುತ್ತಾರೆ, ಕಾರ್ಖಾನೆಗೆ ಕೇಳುತ್ತಾರೆ, ವಿಲ್ಲಾಗಳಿಗೆ ನಮ್ಮನ್ನು ಕೇಳುವುದಿಲ್ಲ. ಇನ್ನೊಂದನ್ನೂ ನೋಡಿಕೊಳ್ಳಿ. ಭೂಸುಧಾರಣಾ ಕಾಯ್ದೆಯ ಪ್ರಕಾರ ಹದಿನೈದು ಎಕರೆಗಿಂತ ಹೆಚ್ಚು ಜಾಗ ಒಂದೇ ಕಂಪೆನಿಯ ಹೆಸರಿನಲ್ಲಿ ಇರುವಂತಿಲ್ಲ. ಹಾಗಾಗಿ ಬೈಲು ಒಂದು ಹೆಸರಿನಲ್ಲಿ, ಪದವು ಇನ್ನೊಂದರಲ್ಲಿ ಬಂದರೆ ಆಶ್ಚರ್ಯಪಡಬೇಡಿ. ಬಿಡಿಬಿಡಿಯಾಗಿ ಬರುವ ಅರ್ಜಿಗಳನ್ನು ಒಂದೇ ಯೋಜನೆ ಎಂದು ತೋರಿಸಿಕೊಡಬೇಕಾದವರು ನಾವು.

ಮೇಲಿನ ಪದವಿಗೆ ಮಾತ್ರ 2008ರ ಗದ್ದೆ ಕಾಯ್ದೆಯ ರಕ್ಷಣೆ ಇಲ್ಲ. ಮಣ್ಣು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು, ಅಷ್ಟೇ. ಭಟ್ಟರೇ, ನಿಮ್ಮ ಸುರಂಗದ ವಿಷಯವನ್ನು ಅಲ್ಲಿಗೆ ಬೇರೆ ಅರ್ಜಿಯಾಗಿ ಕೊಡಿ. ಇದರ ಜೊತೆ ಕಲಸಬೇಡಿ.

ಶೆಟ್ಟರು, ಕೆಳಗಿನ ಮನೆ:
ಇಷ್ಟು ಹೊತ್ತು ಓದುತ್ತಿದ್ದೆ. ಹಾಜಿಯವರು ಮರ್ಯಾದೆಗೆ ಹೆಸರು ಹೇಳಲಿಲ್ಲ, ನಾನೇ ಹೇಳುತ್ತೇನೆ. ಮುಂಗಡ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ಫಾರ್ಮ್ 5 ಕೂಡ ನನ್ನ ಹೆಸರಿನಲ್ಲಿಯೇ ಹೋಗಿದೆ, ಅವರೇ ಬರೆಸಿ ಸಹಿ ಹಾಕಿಸಿಕೊಂಡರು. ಪಟ್ಟಿಯಿಂದ ಹೊರಗೆ ಬಂದರೆ ಮಾತ್ರ ರಿಜಿಸ್ಟ್ರಿ ಎಂದು ಕರಾರು.

ಈಗ ನನ್ನ ಲೆಕ್ಕ ಕೇಳಿ. ನೇಜಿ (ಭತ್ತದ ಸಸಿ) ನೆಡಲು ಜನ ಇಲ್ಲ, ಇದ್ದವರ ಕೂಲಿ ಭತ್ತದ ಬೆಲೆಗೆ ಹೊಂದುವುದಿಲ್ಲ. ನೆಟ್ಟರೆ ಹಂದಿ ಉರುಳಾಡುತ್ತದೆ, ತೆನೆಯಾದರೆ ನವಿಲು ಇಳಿಯುತ್ತದೆ. ತೋಡಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಕಟ್ಟಲು ಮೊದಲು ಊರೇ ಬರುತ್ತಿತ್ತು, ಈಗ ಕರೆದರೆ ಎಲ್ಲರಿಗೂ ಅಂದೇ ಮದುವೆ. ಸರಕಾರ 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ರಾಯಧನ ಎಂದು ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಘೋಷಿಸಿತು. ಒಂದು ದಿನದ ಟಿಲ್ಲರಿಗೂ ಸಾಲದ ಹಣ. ನಿಮ್ಮ ಬಾವಿಯಲ್ಲಿ ನೀರು ಇರಲಿ ಎಂದು ನಾನು ನನ್ನ ಗದ್ದೆಯನ್ನು ಮಾರದೆ ಕಾಯಬೇಕು. ಕಾಯಲಿಕ್ಕೆ ನೀವು ಏನು ಕೊಡುತ್ತೀರಿ? ಮಗಳ ಮದುವೆ, ಮಗನ ಸಾಲ ನಿಮ್ಮ ಗುಂಪಿನಲ್ಲಿ ಚರ್ಚೆಗೆ ಬರುವುದಿಲ್ಲ.

ಟೀಚರ್, ಮೇಲಿನ ಸಾಲು:
ಶೆಟ್ಟರೇ, ಇದನ್ನು ಇಲ್ಲಿ ಬರೆದಿರಲ್ಲ, ಅದು ದೊಡ್ಡದು. ಯಾರೂ ಇವರ ಮೇಲೆ ಹರಿಹಾಯಬೇಡಿ. ಕಾಯ್ದೆ ಭೂಮಿಯನ್ನು ಕಾಯುತ್ತದೆ, ಭೂಮಿ ಇಟ್ಟುಕೊಂಡವನನ್ನು ಕಾಯುವುದಿಲ್ಲ. ಈ ಅರ್ಧಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಭಾನುವಾರದ ಸಭೆ ಬರಿ ಚಹಾಕೂಟ.

ಮೊದಲ ಸಾಲಿನ ಮಗಳು, ಈಗ ಇಂಗ್ಲೆಂಡ್:
ಶೆಟ್ಟರ ಮಾತು ಓದಿ ಬರೆಯಬೇಕೆನಿಸಿತು. ಇಲ್ಲಿ ಇದೇ ಜಗಳ ಎಂಟು ದಶಕಗಳಿಂದ ನಡೆಯುತ್ತಿದೆ. ಲಂಡನ್ ಸುತ್ತ ಊರು ಹರಡದಂತೆ ಹಸಿರು ಪಟ್ಟಿ ಬಿಡಬೇಕೆಂದು 1938ರಲ್ಲಿ ಕಾನೂನು ಬಂತು, 1955ರ ನಂತರ ಬೇರೆ ನಗರಗಳಿಗೂ ಹಬ್ಬಿತು. ಈಗ ಇಂಗ್ಲೆಂಡಿನ ನೆಲದ ಸರಿಸುಮಾರು ಎಂಟನೆಯ ಒಂದು ಭಾಗ ಹಸಿರು ಪಟ್ಟಿಯೊಳಗಿದೆ. ಆದರೆ ಮನೆಗಳ ಬೆಲೆ ಏರಿ ಯುವಕರಿಗೆ ಕೈಗೆಟುಕದಂತಾಗಿದೆ. ಯೋಜನೆ ವಿರೋಧಿಸುವವರಿಗೆ, ತಮ್ಮ ಕಿಟಕಿಯ ನೋಟ ಕಾಯುವವರು ಎಂಬ ಹಣೆಪಟ್ಟಿ ಅಂಟಿದೆ. 2024ರ ಡಿಸೆಂಬರಿನಲ್ಲಿ ಸರಕಾರ ಹಸಿರು ಪಟ್ಟಿಯೊಳಗೇ ಬೂದು ಪಟ್ಟಿ ಎಂದು ಒಂದು ವರ್ಗ ಮಾಡಿ ಅಲ್ಲಿ ಮನೆ ಕಟ್ಟಲು ದಾರಿ ಸಡಿಲಿಸಿತು. ನಾನು ಇಲ್ಲಿ ಕಂಡದ್ದು ಏನೆಂದರೆ, ನಮಗೆ ಬೇಡ ಎಂದಷ್ಟೇ ಹೇಳಿದವರು ಕೊನೆಗೆ ಸೋಲುತ್ತಾರೆ. ಇಲ್ಲಿನ ಕಾನೂನಿಗೆ ನೆಲ ತೆರೆದಿರಬೇಕು ಎಂಬುದೇ ಗುರಿ, ನಮ್ಮ ಕಾಯ್ದೆಯಲ್ಲಿ ಅನ್ನ ಮತ್ತು ನೀರು ಗುರಿ. ಆದ್ದರಿಂದ ಅರ್ಜಿಯಲ್ಲಿ ಪ್ರಕೃತಿ ಸೌಂದರ್ಯ ಎಂದು ಬರೆಯಬೇಡಿ, ಎಷ್ಟು ಬಾವಿ, ಎಷ್ಟು ಸುರಂಗ, ಯಾವ ತೋಡು ಎಂದು ಬರೆಯಿರಿ.

ಎರಡನೇ ಸಾಲು, ಈಗ ಶಾರ್ಜಾ:
ಅಕ್ಕಾ, ಬಡವನೊಬ್ಬ ಬೈಲಿನಲ್ಲಿ ಒಂದು ಮನೆ ಕಟ್ಟಬೇಕೆಂದರೂ ಇದೇ ಕಾಯ್ದೆ ಕಾಡುತ್ತದಲ್ಲ?

ನಿವೃತ್ತ ಗ್ರಾಮ ಕಚೇರಿ ನೌಕರರು:
ಬೇರೆ ಜಾಗ ಇಲ್ಲದವರಿಗೆ ಪಂಚಾಯತ್ ವ್ಯಾಪ್ತಿಯಲ್ಲಿ ಹತ್ತು ಸೆಂಟ್ಸ್, ನಗರಸಭೆಯಲ್ಲಿ ಐದು ಸೆಂಟ್ಸ್ ವರೆಗೆ ಮನೆಗೆ ಅವಕಾಶ ಇದೆ. ಆ ಅರ್ಜಿಯನ್ನು ಹಿಡಿದು ಅಲೆದಾಡಿಸುತ್ತಾರೆ ಎಂಬುದೂ ನಿಜ. ಕಾಯ್ದೆ ಸಣ್ಣವನ ಕಾಲಿಗೆ ಬೇಗ ತೊಡರುತ್ತದೆ, ದೊಡ್ಡವನಿಗೆ ವಕೀಲ ಇರುತ್ತಾನೆ. ನಾನು ಆ ಕುರ್ಚಿಯಲ್ಲಿ ಕುಳಿತವನೇ ಹೇಳುತ್ತಿದ್ದೇನೆ.

ಮಾಷ್ಟ್ರು, ಮೂಲೆಮನೆ:
ನಮ್ಮ ರಾಜ್ಯದಲ್ಲೇ ಮೂರು ಪಾಠಗಳಿವೆ. ಆರನ್ಮುಳದಲ್ಲಿ ಗದ್ದೆ ತುಂಬಿಸಿ ವಿಮಾನ ನಿಲ್ದಾಣ ಕಟ್ಟಲು ಹೊರಟರು, 2014ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ ಅಲ್ಲಿ ಮತ್ತೆ ಭತ್ತ ಬಿತ್ತಿದರು. ಮರಡಿನಲ್ಲಿ ಕರಾವಳಿ ನಿಯಮ ಮೀರಿ ಕಟ್ಟಿದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು 2020ರ ಜನವರಿಯಲ್ಲಿ ಸ್ಫೋಟಿಸಿ ಕೆಡವಿದರು. ಸಾಲ ಮಾಡಿ ಮನೆ ಕೊಂಡವರು ಬೀದಿಗೆ ಬಂದರು. ಇದನ್ನು ಇಲ್ಲಿ ವಿಲ್ಲಾ ಕೊಳ್ಳಲು ಯೋಚಿಸುವವರಿಗೂ ಹೇಳಿ. ಮೂರನೆಯದು ನಮ್ಮ ಪಕ್ಕದ ಕಣ್ಣೂರಿನ ಕೀಳಾಟ್ಟೂರು. ಹೆದ್ದಾರಿಯ ಬೈಪಾಸ್ ಗದ್ದೆಯ ಮೇಲೆ ಹೋಗುವುದು ಬೇಡ ಎಂದು ವಯಲ್‌ಕಿಳಿಗಳು (ಗದ್ದೆಯ ಹಕ್ಕಿಗಳು) ಎಂಬ ಹೆಸರಿನಲ್ಲಿ 2017, 2018ರಲ್ಲಿ ಹೋರಾಡಿದರು. ಬೈಪಾಸ್ ಹೋಗಿಯೇ ಹೋಯಿತು. ಸಾರ್ವಜನಿಕ ಉದ್ದೇಶ ಎಂದು ಸರಕಾರ ವಿನಾಯಿತಿ ಕೊಡಬಹುದು, ಕಾಯ್ದೆಯಲ್ಲಿಯೇ ಆ ಬಾಗಿಲು ಇದೆ. ನಮ್ಮ ಅದೃಷ್ಟಕ್ಕೆ ಮದುವೆ ಹಾಲ್ ಇನ್ನೂ ಸಾರ್ವಜನಿಕ ಉದ್ದೇಶ ಆಗಿಲ್ಲ.

ಕುಟುಂಬಶ್ರೀ ಅಕ್ಕ, ತೋಡಿನಾಚೆ:
ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ. ಶೆಟ್ಟರಣ್ಣಾ, ನಮ್ಮ ಕುಟುಂಬಶ್ರೀ ಮಹಿಳಾ ಸ್ವಸಹಾಯ ಘಟಕದವರು ಕಳೆದ ವರ್ಷ ತೋಡಿನಾಚೆ ಗೇಣಿಗೆ ಗದ್ದೆ ಹಿಡಿದು ಸಂಘಕೃಷಿ ಮಾಡಿದ್ದೇವೆ, ಜ್ಯೋತಿ ತಳಿಯ ಭತ್ತ ಬಿತ್ತಿದ್ದೆವು. ಲಾಭ ಹೆಚ್ಚಿಲ್ಲ, ನಷ್ಟವೂ ಆಗಲಿಲ್ಲ. ಅಕ್ಕಿ ಮನೆಗೆ ಸಾಕಾಗಿ ಸ್ವಲ್ಪ ಮಾರಿದೆವು. ಬೈಲನ್ನು ಒಂದು ಏಣೆಲಿಗೆ ಕೊಟ್ಟರೆ ನಾವು ಮಾಡುತ್ತೇವೆ. ಆದರೆ ಒಂದೆರಡು ಗದ್ದೆ ಅಲ್ಲಿ ಇಲ್ಲಿ ಮಾಡಿದರೆ ಹಂದಿ ತಡೆಯಲು ಆಗುವುದಿಲ್ಲ, ಇಡೀ ಬೈಲು ಒಟ್ಟಿಗೆ ಮಾಡಿದರೆ ಸುತ್ತ ಬೇಲಿ ಹಾಕಬಹುದು. ಬೇಲಿಯ ಹಣ ನಮ್ಮಲ್ಲಿ ಇಲ್ಲ.

ನಿವೃತ್ತ ಗ್ರಾಮ ಕಚೇರಿ ನೌಕರರು:
ಈಕೆ ಒಂದೇ ಸಂದೇಶದಲ್ಲಿ ಅರ್ಧ ಕಡತ ಮುಗಿಸಿದರು. ಹಡಿಲು ಬಿಟ್ಟ ಗದ್ದೆಯನ್ನು ಬೇಸಾಯ ಮಾಡಿ ಅಥವಾ ಮಾಡುವವರಿಗೆ ಕೊಡಿ ಎಂದು ಹೇಳುವ ಅಧಿಕಾರ ಈ ಕಾಯ್ದೆಯಲ್ಲೇ ಇದೆ. ಸ್ಥಳೀಯ ನಿಗಾ ಸಮಿತಿಗೆ ಪಂಚಾಯತ್ ಅಧ್ಯಕ್ಷರು ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ಗ್ರಾಮಾಧಿಕಾರಿ ಸದಸ್ಯರು, ಜೊತೆಗೆ ರೈತ ಪ್ರತಿನಿಧಿಗಳು. ಆ ಪ್ರತಿನಿಧಿಗಳು ಯಾರು ಎಂದು ನಮ್ಮಲ್ಲಿ ಯಾರಿಗಾದರೂ ಗೊತ್ತೇ? ಇಲ್ಲ. ನಮ್ಮ ಮೊದಲ ಕೆಲಸ ಅದು.

ಶೆಟ್ಟರು, ಕೆಳಗಿನ ಮನೆ:
ಗೇಣಿಗೆ ಕೊಟ್ಟರೆ ನಾಳೆ ಜಾಗ ನಮ್ಮದು ಎಂದು ಯಾರೂ ಹೇಳಬಾರದು. ಗೇಣಿಗೆ ಕೊಟ್ಟ ಭೂಮಿ ಉಳುವವನದಾದ ಕಾಲವನ್ನು ನಮ್ಮ ಅಜ್ಜ ಕಂಡವರು. ಒಂದು ಬೆಳೆಗೆ ಮಾತ್ರ ಎಂದು ಪಂಚಾಯತಿನ ಎದುರು ಬರಹದಲ್ಲಿ ಆಗಬೇಕು. ಮುಂಗಡ ವಾಪಸು ಕೊಡಿ ಎಂದು ನನಗೆ ಹೇಳಬೇಡಿ, ಅದು ಖರ್ಚಾಗಿದೆ. ಅರ್ಜಿ ಹಿಂದೆ ತೆಗೆದುಕೊಂಡರೆ ಅವರು ಕೋರ್ಟಿಗೆ ಹೋಗುತ್ತಾರೆ, ಆದ್ದರಿಂದ ತೆಗೆದುಕೊಳ್ಳುವುದಿಲ್ಲ. ಆದರೆ ಕೃಷಿ ಅಧಿಕಾರಿ ಸ್ಥಳಕ್ಕೆ ಬಂದು ಕೇಳಿದರೆ ಸುಳ್ಳು ಹೇಳುವವನೂ ನಾನಲ್ಲ. 2008ರಲ್ಲಿ ಅಲ್ಲಿ ನನ್ನ ತಂದೆ ಸುಗ್ಗಿ ಬೆಳೆ ಕೊಯ್ದಿದ್ದಾರೆ. ಅರ್ಜಿಯಲ್ಲಿ ಅವರು ಏನು ಬರೆದಿದ್ದಾರೋ ಓದದೆ ಸಹಿ ಹಾಕಿದ್ದೇನೆ.

ನಿವೃತ್ತ ಗ್ರಾಮ ಕಚೇರಿ ನೌಕರರು:
ಅಷ್ಟು ಸಾಕು ಶೆಟ್ಟರೇ. ಅರ್ಜಿಯ ಪ್ರತಿ ನಿಮ್ಮ ಹೆಸರಿನದ್ದಾದ್ದರಿಂದ ನೀವೇ ಕೇಳಿ ಪಡೆಯಬಹುದು. ಉಳಿದವರ ಅರ್ಜಿಗಳಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಹಾಕಿ ಕೇಳೋಣ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅಷ್ಟರವರೆಗೆ ಕಾಯುವುದು ಬೇಡ, ಆಕ್ಷೇಪ ಪತ್ರವನ್ನು ಈಗಲೇ ಕೊಟ್ಟು ಸ್ವೀಕೃತಿ ಪಡೆಯೋಣ. ಈ ನಡುವೆ ರಾತ್ರಿ ಟಿಪ್ಪರ್ ಬಂದರೆ ನಂಬರು ಕಾಣುವಂತೆ ಚಿತ್ರ ತೆಗೆಯಿರಿ, ಚಾಲಕನ ಜೊತೆ ಜಗಳ ಬೇಡ. ವಾಹನ ಮುಟ್ಟುಗೋಲು ಹಾಕಲು, ತುಂಬಿದ ಮಣ್ಣನ್ನು ತೆಗೆಸಲು ಕಾಯ್ದೆಯಲ್ಲಿ ಅವಕಾಶ ಇದೆ. ರಜಾ ದಿನಗಳಲ್ಲಿ, ಅದರಲ್ಲೂ ಸಾಲು ರಜೆಯಲ್ಲಿ, ಕಣ್ಣಿಟ್ಟಿರಿ.

ಹಾಜಿಯವರು, ಅಂಗಡಿ:
ಪತ್ರ ಮಲಯಾಳದಲ್ಲೇ ಆಗಬೇಕೇ? ನನಗೆ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ.

ಟೀಚರ್, ಮೇಲಿನ ಸಾಲು:
ಬೇಡ. 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲಿಯೇ ಪತ್ರ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದಿದೆ. ಕನ್ನಡದಲ್ಲಿ ಕೊಡೋಣ, ಜೊತೆಗೆ ಮಲಯಾಳ ಪ್ರತಿಯನ್ನೂ ಲಗತ್ತಿಸೋಣ. ಹಕ್ಕು ಸಾಧಿಸಲು ಹೋಗಿ ಕಡತ ಭಾಷಾಂತರಕ್ಕೆಂದು ಕಪಾಟಿನಲ್ಲಿ ಕೂರುವುದು ನಮಗೆ ಬೇಡ.

ಮಾಷ್ಟ್ರು, ಮೂಲೆಮನೆ:
ಗ್ರಾಮಸಭೆಯಲ್ಲೂ ನಿರ್ಣಯ ಆಗಬೇಕು. ಮತದಾರರಲ್ಲಿ ಶೇಕಡಾ ಹತ್ತು ಮಂದಿ ಬರದಿದ್ದರೆ ಕೋರಂ ಇಲ್ಲ. ಕಳೆದ ಸಲ ಚಹಾ, ಬಿಸ್ಕತ್ತು ಉಳಿದು ನಾಯಿಗೆ ಹಾಕಿದ್ದನ್ನು ಕಂಡಿದ್ದೇನೆ.

ಎರಡನೇ ಸಾಲು, ಈಗ ಶಾರ್ಜಾ:
ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಹಾಲ್ ಬೇಕು, ಬೇರೆ ಜಾಗದಲ್ಲಿ ಆಗಲಿ. ಅದಕ್ಕೂ ಒಂದು ಅರ್ಜಿ ಬರೆಯುತ್ತೀರಾ ಎಂದು ಭಾನುವಾರ ಕೇಳುವವನಿದ್ದೇನೆ, ವಿಡಿಯೊ ಕರೆ ಮಾಡಿ. ಬೇಲಿಯ ಖರ್ಚಿಗೆ ಇಲ್ಲಿರುವ ನಾವು ನಾಲ್ಕೈದು ಮಂದಿ ಸೇರಿ ಏನಾದರೂ ಕಳುಹಿಸುತ್ತೇವೆ.

ಟೀಚರ್, ಮೇಲಿನ ಸಾಲು:
ಖಂಡಿತ ಕೇಳು. ಈಗ ಕೆಲಸ ಹಂಚುತ್ತೇನೆ, ಆಗುವುದಿಲ್ಲ ಎನ್ನುವವರು ಇವತ್ತೇ ಹೇಳಿ. ಬೈಲಿನ ಸುತ್ತಲಿನ ಬಾವಿ, ಸುರಂಗ, ಪಳ್ಳಗಳ (ನೀರಿನ ಹೊಂಡ) ಪಟ್ಟಿ ಭಟ್ಟರದು. ಯಾವ ತಿಂಗಳಿಗೆ ಬತ್ತುತ್ತದೆ ಎಂಬುದನ್ನೂ ಬರೆಯಿರಿ. ಆಕ್ಷೇಪ ಪತ್ರ ಮತ್ತು ಮಾಹಿತಿ ಹಕ್ಕು ನಮ್ಮ ನಿವೃತ್ತರದು, ಮಲಯಾಳ ಪ್ರತಿ ನನ್ನದು. ಹಳೆಯ ಬೆಳೆಯ ದಾಖಲೆ ಪಾಡಶೇಖರ ಸಮಿತಿಯ (ಬೈಲಿನ ಭತ್ತ ಬೆಳೆಗಾರರ ಸಮಿತಿ) ಪುಸ್ತಕದಲ್ಲಿ ಇರಬೇಕು, ಮಾಷ್ಟ್ರು ಹುಡುಕಲಿ. ಕುಟುಂಬಶ್ರೀ ಅಕ್ಕ ಮತ್ತು ಶೆಟ್ಟರು ಸೋಮವಾರ ಕೃಷಿ ಭವನಕ್ಕೆ ಒಟ್ಟಿಗೆ ಹೋಗಿ. ಮುಂಗಡ ತೆಗೆದುಕೊಂಡ ಉಳಿದವರ ಮನೆಗೆ ಹಾಜಿಯವರೂ ನಾನೂ ಹೋಗುತ್ತೇವೆ, ಬುದ್ಧಿ ಹೇಳಲಿಕ್ಕಲ್ಲ, ಗೇಣಿಯ ವಿಷಯ ತಿಳಿಸಲಿಕ್ಕೆ.

ಕುಟುಂಬಶ್ರೀ ಅಕ್ಕ, ತೋಡಿನಾಚೆ:
ಮೇ ಕೊನೆಯ ಹೊತ್ತಿನ ಪತ್ತನಾಜೆ ಕಳೆದರೆ ಮಳೆ ಯಾವಾಗ ಬೇಕಾದರೂ ಹಿಡಿಯಬಹುದು. ಉಳುಮೆ ಅದಕ್ಕೆ ಮೊದಲು ಆಗಬೇಕು. ಟಿಲ್ಲರ್ ಯಾರದು?

ಶೆಟ್ಟರು, ಕೆಳಗಿನ ಮನೆ:
ನನ್ನ ಕೊಟ್ಟಿಗೆಯಲ್ಲಿ ಹಳೆಯದೊಂದು ಇದೆ. ಬೆಲ್ಟ್ ಹೋಗಿದೆ. ಡೀಸೆಲ್ ನಿಮ್ಮದು.

ಹಾಜಿಯವರು, ಅಂಗಡಿ:
ಬೆಲ್ಟ್ ನಾಳೆ ಕಾಸರಗೋಡಿನಿಂದ ತರಿಸುತ್ತೇನೆ. ಅಳತೆ ಕಳುಹಿಸಿ 🙏